ಬಣ್ಣ ಹಿಡಿಯದ ರಕ್ತ

“ಗ್ರಂಥಿ ಬಿಟ್ಟುಬಿಡಿ ಸರ್. ಮೊದಲು ರಕ್ತ ನೋಡಿ.”

ವೈಜನಾಥ ಒಂದು ಕಣ್ಣು ಮುಚ್ಚಿಕೊಂಡು ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ. ಇಬ್ಬರು ಒಟ್ಟಿಗೆ ನೋಡಬಹುದಾದ ಯಂತ್ರ ಅದು. ಎದುರಿನ ಕೊಳವೆಗೆ ಡಾಕ್ಟರ್ ಉಷಾ ಕಣ್ಣಿಟ್ಟಿದ್ದಳು. ಅವನಿಗೆ ಕಂಡದ್ದು ನೀಲಿ, ಬರೀ ನೀಲಿ.

“ರಕ್ತ ಎಲ್ಲೈತ್ರೀ ಇದರಾಗ? ಕೆಂಪಂತೂ ಕಾಣವಲ್ದು.”

“ಕೆಂಪು ಇರಲ್ಲ ಸರ್. ಬಾಣದ ಗುರುತು ಇದೆಯಲ್ಲ, ಅದರ ತುದಿ ನೋಡಿ. ಸಣ್ಣ ನಾಳದೊಳಗೆ ಒತ್ತಿಕೊಂಡು ಕೂತಿವೆ, ಅವೇ ರಕ್ತಕಣ. ಯಾವ ಬಣ್ಣ?”

“ಬಣ್ಣಾನ ಇಲ್ಲ. ನೀರಾಗ ನೆನೀಹಾಕಿದ ಸಾಬೂದಾನಿ ಕಂಡಂಗ ಕಾಣ್ತಾವ.”

“ಕಂದು ಇರಬೇಕಿತ್ತು,” ಎಂದಳು ಉಷಾ. “ಒಳ್ಳೆ ಗಟ್ಟಿ ಕಂದು.”

ವೈಜನಾಥ ತಲೆ ಎತ್ತಿದ. ಸಿಕಂದರಾಬಾದಿನ ರೈಲ್ವೆ ಪೊಲೀಸಿನಲ್ಲಿ ಇನ್ಸ್‌ಪೆಕ್ಟರಾಗಿ ಕೂದಲು ನರೆಸಿಕೊಂಡು, ನಿವೃತ್ತನಾದ ಮೇಲೂ ಊರವರ ಉಸಾಬರಿ ಬಿಡಲಾರದ ಬೀದರಿನ ಮನುಷ್ಯ ಅವನು. ಓಡುವ ರೈಲಿನಿಂದ ಜಿಗಿಯುವ ಕಳ್ಳನ ಕಾಲು ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಉಗುರಿನಷ್ಟಗಲದ ಗಾಜಿನಲ್ಲಿ ಕಳ್ಳನನ್ನು ಹುಡುಕುವುದು ಹೊಸದು.

ಬೀದರಿನವನೇ ಆದ, ಬಾಲಾನಗರದ ಕಾರ್ಖಾನೆಯೊಂದರ ಫೋರ್‌ಮನ್ ವೀರಭದ್ರಪ್ಪ ಶ್ರಾವಣದಲ್ಲಿ ಕರುಳಿನ ಕ್ಯಾನ್ಸರಿನಿಂದ ಸತ್ತಿದ್ದ. “ಡಾಕ್ಟರ ಮಾತು ಮುಚ್ಚಿಟ್ಟು ನನ್ನ ತಮ್ಮನನ್ನು ಕೊಂದಳು” ಎಂದು ಅವನ ಅಣ್ಣ ಗುರುಸಿದ್ದಪ್ಪ, ವಿಧವೆ ಸುಭದ್ರಾಳ ಮೇಲೆ ಪೊಲೀಸರಿಗೆ ದೂರು ಕೊಟ್ಟಿದ್ದ. ನಾಳೆ ಬೆಳಗ್ಗೆ ಅವಳು ಠಾಣೆಗೆ ಹೋಗಬೇಕು. ಕೈಯಲ್ಲಿ ಪುರಾವೆ ಇಲ್ಲದೆ ಹೋದರೆ ತಿರುಗಿ ಮನೆಗೆ ಬರುವ ಖಾತ್ರಿ ಇರಲಿಲ್ಲ.

ಅವಳ ಹತ್ತಿರ ಇದ್ದದ್ದು ಈ ಆಸ್ಪತ್ರೆ ಹೋದ ವರ್ಷದ ಬೇಸಿಗೆಯಲ್ಲಿ ಕೊಟ್ಟ ವರದಿ. ಉರಿಯೂತ ಮಾತ್ರ, ಕ್ಯಾನ್ಸರಿನ ಸೂಚನೆಯಿಲ್ಲ, ಆಪರೇಷನ್ ಬೇಡ. ಸೂಚನೆಯೇ ಇಲ್ಲದವನು ಮರುವರ್ಷದ ಶ್ರಾವಣಕ್ಕೆ ಹೆಣವಾದದ್ದು ಹೇಗೆ ಎಂಬುದಕ್ಕೆ ಆ ವರದಿಯಲ್ಲಿ ಉತ್ತರ ಇರಲಿಲ್ಲ.

“ನನಗ ತಿಳಿಯೋಹಂಗ ಹೇಳ್ರಿ ಡಾಕ್ಟ್ರವ್ವಾ,” ಎಂದ ವೈಜನಾಥ. “ನಾ ಓದಿದಾಂವ ಅಲ್ಲ, ಪೊಲೀಸ.”

ಉಷಾ ನಗಲಿಲ್ಲ. ಮೈಸೂರು ಕಡೆಯವಳು. ಅಪ್ಪನ ಕೇಂದ್ರ ಸರಕಾರದ ನೌಕರಿಯ ದೆಸೆಯಿಂದ ಈ ಸಿಕಂದರಾಬಾದಿನಲ್ಲೇ ಬೆಳೆದು ಡಾಕ್ಟರಾದವಳು. ಮನೆಯ ಕನ್ನಡವನ್ನು ಮಾತ್ರ ಬಿಟ್ಟಿರಲಿಲ್ಲ.

“ಜೀವಕೋಶಕ್ಕೆ ಸಕ್ಕರೆ ಬೇಕು ಸರ್. ಅದು ತಾನಾಗಿ ಗೋಡೆ ದಾಟಿ ಬರಲ್ಲ. ಗೋಡೆಯಲ್ಲಿ ಒಂದು ಪ್ರೋಟೀನ್ ಬಾಗಿಲಿನ ಥರ ನಿಂತು ಗ್ಲೂಕೋಸನ್ನು ಒಳಗೆ ಸಾಗಿಸುತ್ತೆ. ಆ ಬಾಗಿಲುಗಳಲ್ಲಿ ಹಲವು ಜಾತಿ. ನಾವು ನೋಡೋ ಜಾತಿ, ಆರೋಗ್ಯವಾಗಿರೋ ದೊಡ್ಡ ಕರುಳಿನ ಗ್ರಂಥಿಯಲ್ಲಿ ಕಾಣಲ್ಲ ಅಂತಲೇ ಹೇಳಬಹುದು. ಕ್ಯಾನ್ಸರಿನ ಕಡೆ ತಿರುಗಿದ ಕೋಶಕ್ಕೆ ಹಸಿವು ಜಾಸ್ತಿ. ಅದು ಬಾಗಿಲ ಮೇಲೆ ಬಾಗಿಲು ಇಟ್ಟುಕೊಳ್ಳುತ್ತೆ.”

“ಆ ಬಾಗಿಲಿಗೆ ನೀವು ಬಣ್ಣ ಹಚ್ತೀರಿ.”

“ಹೌದು. ಅದನ್ನೇ ಹುಡುಕಿ ಅಂಟಿಕೊಳ್ಳೋ ಆಂಟಿಬಾಡಿ ಅಂತ ಒಂದು ದ್ರವ ಇದೆ. ಅದು ಅಂಟಿದ ಕಡೆ ಕಂದು, ಉಳಿದ ಕಡೆ ನೀಲಿ.”

“ಮತ್ತ ಉರಿ ಎದ್ದ ಕರುಳಿನಾಗ?”

“ಜಗಳ ಇರೋದೇ ಅಲ್ಲಿ. ಉರಿಯೂತ ಇದ್ದರೂ ಒಂದಿಷ್ಟು ಕಂದು ಬರುತ್ತೆ ಅಂತಾರೆ ಕೆಲವರು. ಕ್ಯಾನ್ಸರ್ ಇದ್ದೂ ಬಾರದೇ ಇರಬಹುದು. ನಮ್ಮ ಪ್ರೊಫೆಸರ್ ಮಾತ್ರ, ಕಂದು ಬಂದರೆ ಕ್ಯಾನ್ಸರಿನ ದಾರಿ, ಬಾರದಿದ್ದರೆ ಬರೀ ಉರಿಯೂತ, ಅನುಮಾನಕ್ಕೆ ಜಾಗವೇ ಇಲ್ಲ ಅಂತ ಸೆಮಿನಾರಿಂದ ಸೆಮಿನಾರಿಗೆ ಸಾರಿಕೊಂಡು ಬಂದರು. ವೀರಭದ್ರಪ್ಪನವರ ಕರುಳಿನ ಚೂರು ನೋಡಿ ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದ್ದರು. ತೀರ್ಪು ಕೊಟ್ಟದ್ದು ಈ ಸ್ಲೈಡು.”

“ಅದಕ್ಕೂ ರಕ್ತಕ್ಕೂ ಏನ ಸಂಬಂಧ?”

“ಕೆಂಪು ರಕ್ತಕಣದಲ್ಲಿ ಆ ಬಾಗಿಲು ಯಾವತ್ತೂ ಇರುತ್ತೆ ಸರ್, ಮೈತುಂಬ. ರೋಗಿ ಯಾರೇ ಇರಲಿ, ರೋಗ ಯಾವುದೇ ಇರಲಿ. ಬಣ್ಣ ಕೆಲಸ ಮಾಡಿದ್ದರೆ ರಕ್ತ ಕಂದಾಗಲೇಬೇಕು.”

ವೈಜನಾಥ ಮತ್ತೆ ಕೊಳವೆಗೆ ಕಣ್ಣಿಟ್ಟ. ಬಿಳಿಚಿದ ಕಣಗಳು ತಮ್ಮ ಪಾಡಿಗೆ ತಾವು ಕೂತಿದ್ದವು.

“ರಕ್ತಾನ ಹಿಡೀಲಿಲ್ಲ ಅಂದ್ರ...”

“ಪರೀಕ್ಷೆಯೇ ಆಗಿಲ್ಲ. ಇದು ‘ಕ್ಯಾನ್ಸರ್ ಇಲ್ಲ’ ಅಂತ ಹೇಳ್ತಿರೋ ಸ್ಲೈಡ್ ಅಲ್ಲ. ಏನೂ ಹೇಳದ ಸ್ಲೈಡು.”

ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು ಎಂದು ನಮ್ಮಲ್ಲಿ ಮಾತಿದೆ. ಡಾಕ್ಟರು ನಮಗೆ ಸುಳ್ಳು ಹೇಳಬಾರದು ಎಂದು ಯಾವ ಹಿರಿಯನೂ ಹೇಳಿಟ್ಟು ಹೋಗಿಲ್ಲ. ಒಬ್ಬ ಮನುಷ್ಯನ ಬದುಕು ಸಾವನ್ನು ತೂಗಿದ ಗಾಜನ್ನು, ತೂಗಿದವನೇ ಸರಿಯಾಗಿ ನೋಡಿರಲಿಲ್ಲ.

“ಈ ಗಾಜು ನಾ ಒಯ್ತೀನಿ,” ಎಂದ.

“ಒಯ್ಯಿರಿ. ನನ್ನ ಹೆಸರು ಮಾತ್ರ ಎತ್ತಬೇಡಿ ಸರ್. ನಾನು ಅವರ ಕೈಕೆಳಗೆ ಇರೋಳು.”

*

ಪ್ರೊಫೆಸರ್ ಸುಬ್ಬರಾಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಸುಭದ್ರಾ ಕೂತಿದ್ದಳು. ಬರಬೇಡ ಎಂದರೂ ಕೇಳದೆ ಬಾಲಾನಗರದಿಂದ ಬಸ್ಸು ಹಿಡಿದು ಬಂದಿದ್ದಳು. ವೈಜನಾಥನನ್ನು ಕಂಡು ಎದ್ದು ನಿಂತಳು.

“ಏನರ ಸಿಕ್ತೇನ್ರಿ ಅಣ್ಣಾರ?”

“ಸಿಕ್ಕೈತಿ ತಂಗಿ. ನೀ ಕೂಡು. ನಾ ಕರೆದಾಗ ಬಾ.”

ಸುಬ್ಬರಾಯರು ಬಳ್ಳಾರಿಯವರು, ಈ ಊರಿಗೆ ಬಂದು ಹಳಬರಾದವರು. ಮೇಜಿನ ಹಿಂದಿನ ಗೋಡೆಯ ತುಂಬ ಫಲಕಗಳು, ಶಾಲು ಹೊದ್ದ ಫೋಟೋಗಳು. ಒಂದು ಫೋಟೋದಲ್ಲಂತೂ ಶಾಲಿನೊಳಗಿಂದ ಮುಖ ಹುಡುಕಬೇಕು.

“ಬನ್ನಿ ವೈಜನಾಥ್ ಗಾರು. ಕೂತ್ಕೊಳ್ಳಿ. ಆ ಹೆಣ್ಣುಮಗಳ ವಿಷಯ ತಾನೇ? ನನ್ನ ವರದಿ ನೋಡಿದ್ದೀರಿ. ಅದರಲ್ಲಿ ಮುಚ್ಚಿಡೋದು ಏನೂ ಇಲ್ಲ.”

ವೈಜನಾಥ ಕೂರಲಿಲ್ಲ. ಗಾಜನ್ನು ಮೇಜಿನ ಮೇಲಿಟ್ಟ.

“ಇದು ನಿಮ್ಮದನ?”

ಪ್ರೊಫೆಸರು ಅಂಟಿಸಿದ ಚೀಟಿ ಓದಿದರು. “ನನ್ನದೇ. ನೀಟಾದ ನೆಗೆಟಿವ್. ಪಾಠ ಮಾಡುವಾಗ ತೋರಿಸ್ತೀನಿ.”

“ಮಕ್ಕಳು ರಕ್ತ ಎಲ್ಲೈತಿ ಅಂತ ಕೇಳಂಗಿಲ್ಲೇನ್ರಿ?”

ಸುಬ್ಬರಾಯರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಯಾರು ಹೇಳಿಕೊಟ್ಟರು ನಿಮಗೆ?”

“ನಿಮ್ಮ ಯಂತ್ರ ಅಲ್ಲೇ ಐತಿ. ಇಟ್ಟು ನೋಡ್ರಿ. ನಾ ಸುಳ್ಳು ಹೇಳಾಕತ್ತಿದ್ರ ಈಗಿಂದೀಗ ಕಾಲಿಗೆ ಬೀಳ್ತೀನಿ.”

ಅವರು ಯಂತ್ರದ ಕಡೆ ತಿರುಗಲೂ ಇಲ್ಲ. ಪೊಲೀಸನಾಗಿ ವೈಜನಾಥ ಕಲಿತ ದೊಡ್ಡ ಪಾಠ ಅದೇ. ನಿರಪರಾಧಿ ಪೆಟ್ಟಿಗೆ ತೆರೆದು ತೋರಿಸಲು ಅವಸರ ಮಾಡುತ್ತಾನೆ. ಒಳಗೇನಿದೆ ಎಂದು ಗೊತ್ತಿದ್ದವನು ಪೆಟ್ಟಿಗೆಯ ಕಡೆ ನೋಡುವುದಿಲ್ಲ.

“ನಿಮಗ ಗೊತ್ತಿತ್ತು,” ಎಂದ.

“ಆಮೇಲೆ ಗೊತ್ತಾಯ್ತು.” ಸುಬ್ಬರಾಯರ ದನಿ ಇಳಿದಿತ್ತು. “ಆ ಬೇಸಿಗೆ ಕರೆಂಟು ಹೇಗೆ ಹೋಗ್ತಿತ್ತು, ನಿಮಗೂ ಗೊತ್ತು. ಫ್ರಿಜ್ಜಿನಲ್ಲಿದ್ದ ಬಾಟಲಿ ಕೆಟ್ಟಿತ್ತು. ನಾನು ಗ್ರಂಥಿ ನೋಡಿದೆ, ಕಂದು ಇರಲಿಲ್ಲ, ಬರೆದೆ. ರಕ್ತ ನೋಡಲಿಲ್ಲ. ಮೊದಲ ವರ್ಷದ ಹುಡುಗರು ಮಾಡೋ ತಪ್ಪು.”

“ಹುಡುಗರು ತಪ್ಪು ಮಾಡಿದ್ರ ನಪಾಸ್ ಆಗ್ತಾರ. ನೀವು ಮಾಡಿದ್ರಿ, ವೀರಭದ್ರಪ್ಪ ಸತ್ತ.”

“ಹೊಸ ಬಾಟಲಿ ಬಂದ ಮೇಲೆ ಮತ್ತೆ ಹಚ್ಚಿದೆ. ರಕ್ತ ಕಂದು. ಗ್ರಂಥಿಗಳೂ ಕಂದು, ಅಂಚಿಂದ ಅಂಚಿಗೆ.”

“ತಿದ್ದಿದ ವರದಿ ಎಲ್ಲೈತಿ?”

ಗೋಡೆಯ ಶಾಲುಗಳನ್ನು ನೋಡಿ ವೈಜನಾಥ ತಾನೇ ಉತ್ತರ ಮಾಡಿಕೊಂಡ. ಒಂದು ವರದಿ ತಿದ್ದಿದರೆ ಆ ಬೇಸಿಗೆಯ ಎಲ್ಲ ವರದಿ ತಿದ್ದಬೇಕು. ಅನುಮಾನಕ್ಕೆ ಜಾಗವಿಲ್ಲ ಎಂದು ಊರೂರು ತಿರುಗಿ ಸಾರಿದ ಮಾತನ್ನು ಮೈಕಿನ ಮುಂದೆ ನಿಂತು ವಾಪಸ್ಸು ತೆಗೆದುಕೊಳ್ಳಬೇಕು. ಮಾನ ಉಳಿಸಿಕೊಳ್ಳಲು ಮನುಷ್ಯ ಏನನ್ನಾದರೂ ಕೊಡುತ್ತಾನೆ, ಅದು ಬೇರೆಯವರದಾಗಿದ್ದರಂತೂ ಧಾರಾಳವಾಗಿ ಕೊಡುತ್ತಾನೆ.

“ಎರಡನೇ ಗಾಜು ತರಸ್ರಿ,” ಎಂದ.

ಸುಬ್ಬರಾಯರು ಒಳ ಫೋನು ಎತ್ತಿ, ವೀರಭದ್ರಪ್ಪನ ಎರಡನೆಯ ಸ್ಲೈಡು ತರಲು ಯಾರಿಗೋ ಹೇಳಿದರು. ಆಮೇಲೆ ವೈಜನಾಥನ ಕಡೆ ತಿರುಗಿದರು. ಸೋತವನ ಮುಖ ಅದಾಗಿರಲಿಲ್ಲ.

“ನಾನು ಬರೆಯಲಿಲ್ಲ, ನಿಜ. ಆದರೆ ಹೇಳಲಿಲ್ಲ ಅಂತ ತಿಳೀಬೇಡಿ. ನಾನೇ ಅವರ ಮನೆಗೆ ಫೋನ್ ಮಾಡಿದೆ. ಮೊದಲಿನ ವರದಿ ತಪ್ಪು, ತಡ ಮಾಡದೆ ಆಪರೇಷನ್ನಿಗೆ ಕರ್ಕೊಂಡು ಬನ್ನಿ ಅಂದೆ. ಆಯ್ತು ಅಂದರು.”

“ಯಾರು?”

“ಹೊರಗೆ ಕೂತಿದ್ದಾರಲ್ಲ. ಅವರೇ.”

ಗುರುಸಿದ್ದಪ್ಪನ ದೂರಿನಲ್ಲಿದ್ದದ್ದು ಅಕ್ಷರಶಃ ಇದೇ ಮಾತು. ಸುಭದ್ರಾ ತನಗೆ ಎಲ್ಲವನ್ನೂ ಹೇಳಿದ್ದಳು, ಇದೊಂದನ್ನು ಬಿಟ್ಟು. ಅವಳ ಕಣ್ಣೀರು ನೋಡಿ ಮರುಳಾದ ತನ್ನ ಮೇಲೆ ಅವನಿಗೆ ಸಿಟ್ಟು ಬಂತು.

ಬಾಗಿಲು ತೆರೆದು ಕರೆದ.

*

“ಹೌದ್ರಿ,” ಎಂದಳು ಸುಭದ್ರಾ. ಪಕ್ಕದಲ್ಲಿ ಕುರ್ಚಿ ಇದ್ದರೂ ಕೂರಲಿಲ್ಲ. “ಫೋನ್ ಎತ್ತಿದಾಕಿ ನಾನ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಈ ಕೆಲಸಕ್ಕ ಬರತಿದ್ದಿರೇನ್ರಿ? ಆಕಿನ ತಪ್ಪಿತಸ್ಥಿ ಅಂತ ಎದ್ದು ಹೋಗತಿದ್ರಿ. ಎಲ್ಲಾರೂ ಎದ್ದು ಹೋದ್ರು.”

ಅದು ನಿಜವೆಂದು ವೈಜನಾಥನಿಗೂ ಗೊತ್ತಿತ್ತು.

“ಕೇಳಿದಿರಲ್ಲ,” ಎಂದರು ಸುಬ್ಬರಾಯರು.

“ನೀವು ತುಸು ತಡೀರಿ ಸಾಹೇಬ್ರ,” ಎಂದು ಸುಭದ್ರಾ ಅವರತ್ತ ಕೈ ಎತ್ತಿದಳು. “ಫೋನ್ ಇಟ್ಟು ಹೊರಳಿದೆ. ನಮ್ಮವರು ಉಣ್ಣಾಕ ಕೂತಿದ್ರು. ರೊಟ್ಟಿ ಮುರಿಯೋ ಕೈ ಹಿಡಕೊಂಡು ಎಲ್ಲಾ ಹೇಳಿದೆ. ಒಂದು ಮಾತೂ ಮುಚ್ಚಲಿಲ್ಲ.”

“ಹೇಳಿದಿ?”

“ಹೇಳಿದೆ ಅಣ್ಣಾರ. ಕೂಸಿನಂಗ ಅತ್ತರು. ಆಪರೇಷನ್ ಮಾಡಿದ್ರ ಹೊಲಸು ಬೀಳಾಕ ಹೊಟ್ಟಿಗೆ ಚೀಲ ಹಚ್ತೀವಿ ಅಂತ ಡಾಕ್ಟ್ರು ಮೊದಲ ಅಂದಿದ್ರು, ಸಾಯೋತನಾ. ಅವರು ಕೊರಳಾಗ ಲಿಂಗ ಕಟ್ಟಿದವರು. ಹೊಲಸಿನ ಚೀಲ ಮೈಗೆ ಅಂಟಿಸಿಕೊಂಡು ಲಿಂಗಪೂಜಿ ಹ್ಯಾಂಗ ಮಾಡ್ಲಿ ಅಂತ ಅವರ ಸಂಕಟ. ನಾ ಅಂದೆ, ಲಿಂಗ ಯಾವ ಮೈಗೂ ಹೇಸಂಗಿಲ್ಲರಿ, ಹೇಸೋದು ಮಂದಿ. ನಾ ತೊಳೀತೀನಿ ಆ ಚೀಲ, ನೀವು ಬದುಕ್ರಿ ಅಂದೆ.”

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. ವೈಜನಾಥ ಕಿಟಕಿಯ ಕಡೆ ನೋಡಿದ. ತುಸು ಹೊತ್ತಿನ ಹಿಂದೆ ಅವಳ ಮೇಲೆ ಸಿಟ್ಟಾಗಿದ್ದಕ್ಕೆ ಈಗ ನಾಚಿಕೆಯಾಗುತ್ತಿತ್ತು.

“ಮುಂಜಾನೆ ಎದ್ದು, ದವಾಖಾನಿಗೆ ಹೋಗಿ ಖರೇ ಏನು ಅಂತ ಕೇಳಿ ಬರ್ತೀನಿ ಅಂದ್ರು. ನಾನೂ ಬರ್ತೀನಿ ಅಂದ್ರ ಬ್ಯಾಡ ಅಂದ್ರು. ತಿರುಗಿ ಬರುವಾಗ ಕೈಯಾಗ ಜಿಲೇಬಿ. ಡಾಕ್ಟ್ರದೇ ತಪ್ಪಂತ, ಫೋನಿನಾಗ ಹೇಳಿದ್ದು ಬ್ಯಾರೆ ಯಾರದೋ ವರದಿ ಅಂತ, ನನಗೇನೂ ಇಲ್ಲ ಅಂತ ಹೇಳಿ ನನ್ನ ಬಾಯಿಗೆ ತುತ್ತಿಟ್ರು.”

“ಸುಳ್ಳು!” ಸುಬ್ಬರಾಯರು ಮೇಜು ಗುದ್ದಿದರು. “ಅವರು ನನ್ನ ಹತ್ತಿರ ಬರಲೇ ಇಲ್ಲ. ನಾನು ಹಾಗೆ ಹೇಳಿಲ್ಲ.”

ಈ ಸಲ ಅವರು ನಿಜ ಹೇಳುತ್ತಿದ್ದಾರೆ ಎಂದು ವೈಜನಾಥನಿಗೆ ಅನ್ನಿಸಿತು. ಹಾಗಿದ್ದರೆ ಸುಭದ್ರಾ? ಅವಳೂ ನಿಜವನ್ನೇ ಹೇಳುತ್ತಿದ್ದಳು. ಉಳಿದವನು ಒಬ್ಬನೇ, ಅವನನ್ನು ಕೇಳುವಂತಿರಲಿಲ್ಲ.

“ತಂಗೀ, ಡಾಕ್ಟ್ರ ಫೋನಿನ ಸುದ್ದಿ ನಿಮ್ಮ ಭಾವ ಗುರುಸಿದ್ದಪ್ಪಗ ಹೇಳಿದ್ದಿಯೇನು?”

“ಇಲ್ಲರಿ. ಅವರು ನನ್ನ ಕೂಡ ಮಾತಾಡಂಗಿಲ್ಲ.”

“ನೀವು ಹೇಳಿದ್ರೇನ್ರಿ ಪ್ರೊಫೆಸರ್?”

“ಅವರು ಯಾರು ಅಂತಲೇ ನನಗೆ ಗೊತ್ತಿಲ್ಲ.”

“ಮತ್ತ ಡಾಕ್ಟ್ರ ಮಾತು ಮುಚ್ಚಿಟ್ಟಳು ಅಂತ ದೂರಿನಾಗ ಹ್ಯಾಂಗ ಬರೆದಾ? ಮಾತು ಇತ್ತು ಅಂತ ಅವಗ ಹೇಳಿದವರು ಯಾರು?”

ಬಾಗಿಲು ಮೆಲ್ಲಗೆ ತೆರೆಯಿತು. ಉಷಾ, ಕೈಯಲ್ಲಿ ಎರಡನೆಯ ಸ್ಲೈಡು ಹಿಡಿದು, ಒಳಗಿದ್ದವರನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

ಸುಭದ್ರಾ ಬೆನ್ನು ಹಾಕಿ ನಿಂತಿದ್ದಳು. ಅವಳಿಗೆ ಉಷಾ ಕಾಣಲಿಲ್ಲ.

“ನನಗ ಜಿಲೇಬಿ ಗಂಟಲಾಗ ಇಳೀಲಿಲ್ಲ ಅಣ್ಣಾರ,” ಎಂದಳು. “ಸಂಜೀಕ, ಅವರಿಗೆ ಕೇಳಬಾರದಂತ ಬೂತಿಗೆ ಹೋಗಿ ಇಲ್ಲಿ ಲ್ಯಾಬಿಗೆ ಫೋನ್ ಹಚ್ಚಿದೆ. ಒಬ್ಬಾಕಿ ಎತ್ತಿದಳು. ‘ನಿಮ್ಮ ಯಜಮಾನರಿಗೆ ಏನೂ ಇಲ್ಲಮ್ಮ, ನೆಮ್ಮದಿಯಾಗಿರಿ’ ಅಂದಳು. ಆವಾಗ ನಂಬಿದೆ.”

“ಯಾವ ಭಾಷಾದಾಗ ಅಂದಳು?”

“ಕನ್ನಡದಾಗರಿ. ಮೈಸೂರ ಕಡೀದು.”

ತೆಲುಗು ಬಿಟ್ಟರೆ ಹಿಂದಿ, ಹಿಂದಿ ಬಿಟ್ಟರೆ ಇಂಗ್ಲಿಷ್ ನಡೆಯುವ ಈ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಸೂರು ಕನ್ನಡ ಆಡುವವರು ಎಷ್ಟು ಜನ? ವೈಜನಾಥ ನಿಧಾನವಾಗಿ ಬಾಗಿಲ ಕಡೆ ತಿರುಗಿದ. ಉಷಾ ಕೈಯಲ್ಲಿದ್ದ ಸ್ಲೈಡನ್ನೇ ನೋಡುತ್ತಿದ್ದಳು.

“ನೀವಾ?” ಎಂದ.

ಅವಳು ಒಳಗೆ ಬಂದಳು. ಬಾಗಿಲು ತಾನಾಗಿ ಹಿಂದೆ ಮುಚ್ಚಿಕೊಂಡಿತು.

“ಅವತ್ತು ಬೆಳಗ್ಗೆ ಪ್ರೊಫೆಸರ್ ಊರಲ್ಲಿರಲಿಲ್ಲ. ವೀರಭದ್ರಪ್ಪನವರು ನನ್ನ ಹತ್ತಿರ ಬಂದರು. ಒಬ್ಬರೇ ಬಂದಿರಲಿಲ್ಲ, ಅವರಣ್ಣ ಜೊತೆಗಿದ್ದರು. ನಾನು ಇದೇ ಸ್ಲೈಡ್ ತೋರಿಸಿ ಆಪರೇಷನ್ ಆಗಲೇಬೇಕು ಅಂದೆ. ಅವರಣ್ಣ ಅಂಗಿ ಗುಂಡಿ ಬಿಚ್ಚಿ, ಕೊರಳಲ್ಲಿದ್ದ ಇಷ್ಟಲಿಂಗ ಹೊರಗೆ ತೆಗೆದು ಕೈಯಲ್ಲಿ ಹಿಡಿದು, ಚೀಲ ಎಲ್ಲಿ ಬರುತ್ತೆ ತೋರಿಸಮ್ಮ ಅಂದರು. ತೋರಿಸಿದೆ. ಅವರು ತಮ್ಮನ ಕಡೆ ತಿರುಗಿ, ‘ಅದನ್ನ ಕಟ್ಟಿಕೊಂಡ ಮ್ಯಾಲ ನನ್ನ ಹೊಸ್ತಿಲ ತುಳೀಬ್ಯಾಡ, ನಾ ಸತ್ತರೂ ಬರಬ್ಯಾಡ’ ಅಂದುಬಿಟ್ಟು ಎದ್ದು ಹೋದರು.”

ಸುಭದ್ರಾ ಕದಲಲಿಲ್ಲ. “ನಮ್ಮವರು ಏನಂದ್ರು?”

“ಅತ್ತರು. ‘ನನ್ನ ಹೆಂಡತಿ ಕೇಳಿದರೆ ಏನೂ ಇಲ್ಲ ಅಂತ ಹೇಳಿ, ಗೊತ್ತಾದರೆ ಅವಳು ನನ್ನ ಎಳೆದುಕೊಂಡು ಬರ್ತಾಳೆ’ ಅಂದರು. ಒಂದು ವಾರ ಟೈಮ್ ಕೊಡಿ, ಅಣ್ಣನ ಮನಸ್ಸು ತಿರುಗಿಸಿ ನಾನೇ ಬರ್ತೀನಿ ಅಂತ ಕೈ ಮುಗಿದರು. ಸಂಜೆ ನೀವು ಫೋನ್ ಮಾಡಿದಿರಿ. ಏನೂ ಇಲ್ಲ ಅಂತ ನಾನೇ ಹೇಳಿದೆ. ಅವರು ತಿರುಗಿ ಬರಲೇ ಇಲ್ಲ.”

ಬದುಕಬಹುದಾಗಿದ್ದವನನ್ನು ಎಷ್ಟು ಜನ ಸೇರಿ, ಎಷ್ಟು ಒಳ್ಳೆಯ ಮಾತುಗಳಾಡಿ ಸಾಯಿಸಿದ್ದರು! ವೈಜನಾಥನಿಗೆ ಯಾರಿಗೆ ಬೈಯಬೇಕೆಂದು ತಿಳಿಯಲಿಲ್ಲ. ಆದರೆ ಠಾಣೆಗೆ ಬೇಕಾದ ಸಾಕ್ಷಿ ಎದುರಿಗೇ ನಿಂತಿತ್ತು. ದೂರು ಕೊಟ್ಟವನಿಗೇ ಎಲ್ಲ ಗೊತ್ತಿತ್ತು ಎಂದು ಹೇಳಬಲ್ಲವಳು ಭೂಮಿಯ ಮೇಲೆ ಇವಳೊಬ್ಬಳೇ.

“ನಾಳೆ ಮುಂಜಾನೆ ಠಾಣೆಕ್ಕ ಬಂದು ಇಷ್ಟ ಹೇಳ್ರಿ ಡಾಕ್ಟ್ರವ್ವಾ. ಈ ಹೆಣ್ಣಮಗಳು ಉಳೀತಾಳ.”

ಉಷಾ ಸ್ಲೈಡನ್ನು ಮೇಜಿನ ಮೇಲೆ ಇಟ್ಟಳು.

“ಇಲ್ಲ ಸರ್.”

“ಏನಂದ್ರಿ?”

“ಅಲ್ಲಿ ಹೇಳಿದರೆ ಒಳಗೆ ಹೋಗೋಳು ನಾನು. ರೋಗಿಯ ಮನೆಯವರಿಗೆ ಸುಳ್ಳು ಹೇಳಿದ ಡಾಕ್ಟರ್ ನಾನು. ನಿಮಗೆ ರಕ್ತ ತೋರಿಸಿಕೊಟ್ಟದ್ದು, ಮಾತು ಪ್ರೊಫೆಸರ್ ಹತ್ತಿರ ನಿಲ್ಲಲಿ ಅಂತ. ನನ್ನ ತನಕ ಬರಲಿ ಅಂತ ಅಲ್ಲ.”

ಸುಬ್ಬರಾಯರ ಮುಖದಲ್ಲಿ ಅಂದು ಮೊದಲ ಬಾರಿಗೆ ನಗು ಕಂಡಿತು. ಅವರು ಎರಡೂ ಸ್ಲೈಡುಗಳನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

“ಸರಿ ಹಾಗಾದರೆ. ಈ ಕೋಣೆಯಲ್ಲಿ ಯಾರೂ ಏನೂ ಮಾತಾಡಿಲ್ಲ. ಉಷಾ, ನೀವು ಕೆಲಸಕ್ಕೆ ಹೋಗಿ.”

ಉಷಾ ತಲೆ ತಗ್ಗಿಸಿ ಹೊರಟಳು. ಆದರೆ ಬಾಗಿಲ ಬಳಿ ಸುಭದ್ರಾ ಆಗಲೇ ನಿಂತಿದ್ದಳು. ಅವಳು ಯಾವಾಗ ಅಲ್ಲಿಗೆ ಹೋದಳೆಂದು ವೈಜನಾಥನೂ ಗಮನಿಸಿರಲಿಲ್ಲ. ಕಣ್ಣಲ್ಲಿ ನೀರು ಇರಲಿಲ್ಲ. ಅವಳು ಕೈ ಹಿಂದೆ ಮಾಡಿ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ನನ್ನ ಗಂಡಗ ನಾ ತಪ್ಪಿಸಿಕೊಳ್ಳಾಕ ಬಿಟ್ಟೆ,” ಎಂದಳು. “ನಿಮ್ಮನ್ನ ಬಿಡಂಗಿಲ್ಲ.”